ಬಿಸಿಲೂರಿನ ಗಡ್ಡೆ ಹೂವುಗಳು: ಯಾವುದು ಯಾವುದೆಂದು ಗುರುತಿಸುವುದು ಹೇಗೆ?

ಯುಗಾದಿ ಮುಗಿದ ಮೇಲೆ ನನ್ನ ಫೋನಿಗೆ ಹೂವಿನ ಫೋಟೊಗಳು ಬರಲು ಶುರುವಾಗುತ್ತವೆ. ಕೊಪ್ಪಳದ ನಮ್ಮ ಓಣಿಯಿಂದ, ಬಳ್ಳಾರಿಯ ಅಕ್ಕನ ಮನೆ ಕಡೆಯಿಂದ, ರಾಯಚೂರಿನ ಗೆಳತಿಯರಿಂದ. ಕೇಳುವುದು ಒಂದೇ: 'ಇದು ಯಾವ ಲಿಲಿ?' ಹನ್ನೆರಡು ವರ್ಷದಿಂದ ಹಿತ್ತಲಲ್ಲಿ ಗಡ್ಡೆ ನೆಟ್ಟು, ಕೊಳೆಸಿ, ಮತ್ತೆ ನೆಟ್ಟು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ವಸಂತದಲ್ಲಿ ಅರಳುವ ಗಡ್ಡೆ ಹೂವು ಅಂದರೆ ನಮ್ಮಲ್ಲಿ ಯಾವುವು?

ಇಂಗ್ಲೆಂಡಿನಲ್ಲೋ ಕಾಶ್ಮೀರದಲ್ಲೋ ಕೇಳಿದರೆ ಟುಲಿಪ್, ಡ್ಯಾಫೊಡಿಲ್, ಹಯಸಿಂತ್ ಅಂತಾರೆ. ನಮ್ಮ ವಸಂತವೇ ಬೇರೆ. ಚೈತ್ರ ಬಂತೆಂದರೆ ಸೆಕೆ ಬಂತು. ಏಪ್ರಿಲ್‌ನಲ್ಲಿ ಬಳ್ಳಾರಿ, ರಾಯಚೂರಿನಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಅದೇ ಬಿಸಿಲಲ್ಲಿ ಹೂ ಬಿಡುವ ಗಡ್ಡೆಗಳು ನಮ್ಮಲ್ಲಿವೆ. ಮಾರ್ಚ್‌ನಿಂದ ಮೇವರೆಗೆ ಅಮರಿಲ್ಲಿಸ್, ಮೇ ತಿಂಗಳಲ್ಲಿ ಚೆಂಡಿನಂಥ ಮೇ ಫ್ಲವರ್, ಮೊದಲ ಅಡ್ಡಮಳೆ ಬಿದ್ದ ಮೇಲೆ ಮಳೆ ಲಿಲಿ. ಸ್ಪೈಡರ್ ಲಿಲಿ, ಕ್ರೈನಮ್, ಸುಗಂಧರಾಜ ಬೇಸಿಗೆಯಲ್ಲೂ ಬಿಡುತ್ತವೆ, ಮಳೆಗಾಲದಲ್ಲೂ ಬಿಡುತ್ತವೆ.

ಎಲ್ಲವನ್ನೂ ಲಿಲಿ ಅಂತಾರಲ್ಲ, ನಿಜವಾದ ಲಿಲಿ ಯಾವುದು?

ಮೇಲೆ ಹೇಳಿದ್ದರಲ್ಲಿ ಒಂದೂ ಅಲ್ಲ! ನಿಜವಾದ ಲಿಲಿ ಅಂದರೆ ಮದುವೆ ಮಂಟಪದಲ್ಲಿ, ಬೊಕ್ಕೆಯಲ್ಲಿ ಬರುವ ಏಷಿಯಾಟಿಕ್, ಓರಿಯೆಂಟಲ್ ಲಿಲಿ. ಅದರ ಗಡ್ಡೆಗೆ ಉಳ್ಳಾಗಡ್ಡಿಯಂಥ ಒಣ ಸಿಪ್ಪೆ ಇರುವುದಿಲ್ಲ. ದಪ್ಪ ದಪ್ಪ ಹೋಳುಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಇರುತ್ತದೆ, ಬೆರಳಿನಿಂದ ಒಂದೊಂದಾಗಿ ಬಿಡಿಸಬಹುದು. ಎಲೆಗಳೂ ಬುಡದಿಂದಲ್ಲ, ದಂಟಿನ ಉದ್ದಕ್ಕೂ ಬರುತ್ತವೆ. ನಮ್ಮ ಹಿತ್ತಲಿನ 'ಲಿಲಿ'ಗಳಲ್ಲಿ ಎಲೆಯೆಲ್ಲ ಬುಡದಲ್ಲೇ, ಹೂವಿನ ದಂಟು ಬೋಳು. ಇದೊಂದು ನೋಡಿದರೆ ಅರ್ಧ ಗೊಂದಲ ಹೋಯಿತು. ಡೇ ಲಿಲಿ ಅಂತ ಮಾರುವುದಕ್ಕಂತೂ ಗಡ್ಡೆಯೇ ಇಲ್ಲ, ಬರೀ ದಪ್ಪ ಬೇರು.

ಹೂವಿಲ್ಲದಾಗ ಬರೀ ಗಡ್ಡೆ ನೋಡಿ ಹೇಳಬಹುದಾ?

ಜಾತಿ ಹೇಳಬಹುದು, ಬಣ್ಣ ಹೇಳಲಾಗುವುದಿಲ್ಲ. ಈ ಮಾತು ಮೊದಲೇ ತಿಳಿದಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು. ಒಂದು ಸಲ ಜಾತ್ರೆಯಲ್ಲಿ ಸಸಿ ಮಾರುವವನೊಬ್ಬ ಆರು ಅಮರಿಲ್ಲಿಸ್ ಗಡ್ಡೆ ಕೊಟ್ಟ. 'ಇದು ಬಿಳಿ, ಇದು ಗುಲಾಬಿ, ಇದು ಪಟ್ಟೆ' ಅಂತ ಒಂದೊಂದರ ಮೇಲೂ ಬಣ್ಣದ ದಾರ ಕಟ್ಟಿಯೇ ಕೊಟ್ಟ. ಎರಡು ಬೇಸಿಗೆ ಕಾದೆ. ಆರಕ್ಕೆ ಆರೂ ಒಂದೇ ಕಿತ್ತಳೆ. ದಾರ ಮಾತ್ರ ಬಣ್ಣ ಬಣ್ಣದ್ದು.

ಕೈಯಲ್ಲಿ ಹಿಡಿದಾಗ ನಾನು ನೋಡುವುದು ಹೀಗೆ. ಅಮರಿಲ್ಲಿಸ್ ಗಡ್ಡೆ ಗುಂಡಗೆ, ದೊಡ್ಡದು, ಕಂದು ಸಿಪ್ಪೆ, ಕತ್ತು ಗಿಡ್ಡ. ಕ್ರೈನಮ್ ಗಡ್ಡೆಗೆ ಕತ್ತು ಉದ್ದ, ಹಳೆಯ ಗಿಡದಲ್ಲಿ ಕತ್ತೇ ಕಾಂಡದ ಹಾಗೆ ಮೇಲೆದ್ದಿರುತ್ತದೆ. ಮಳೆ ಲಿಲಿಯದ್ದು ಸಾಂಬಾರು ಈರುಳ್ಳಿಗಿಂತ ಸಣ್ಣದು. ಸುಗಂಧರಾಜದ್ದು ಉದ್ದುದ್ದ, ಒಂದಕ್ಕೊಂದು ಅಂಟಿಕೊಂಡ ಗೊಂಚಲು, ಬೆಳ್ಳುಳ್ಳಿಯನ್ನು ಯಾರೋ ಎಳೆದು ಉದ್ದ ಮಾಡಿದ ಹಾಗೆ. ಗ್ಲಾಡಿಯೋಲಸ್ ಗಡ್ಡೆ ಮೇಲಿಂದ ಒತ್ತಿದಂತೆ ಚಪ್ಪಟೆ. ಅದನ್ನು ಕೊಯ್ದರೆ ಪದರೇ ಇಲ್ಲ, ಆಲೂಗಡ್ಡೆಯಂತೆ ಒಳಗೆಲ್ಲ ಗಟ್ಟಿ.

ಗಡ್ಡೆ ಉಳ್ಳಾಗಡ್ಡಿ ಜೊತೆ ಬೆರೆತು ಹೋಗಿದೆ, ಹೇಗೆ ಬೇರೆ ಮಾಡಲಿ?

ನಗಬೇಡಿ, ಇದು ನಮ್ಮ ಮನೆಯಲ್ಲೇ ಆದದ್ದು. ಕುಂಡ ಬದಲಿಸುವಾಗ ಕಿತ್ತ ಅಮರಿಲ್ಲಿಸ್ ಮರಿಗಳನ್ನು ನೆರಳಲ್ಲಿ ಒಣಗಲೆಂದು ಪಡಸಾಲೆಯ ಮೂಲೆಯಲ್ಲಿ ಹರಡಿದ್ದೆ. ಪಕ್ಕದಲ್ಲೇ ಉಳ್ಳಾಗಡ್ಡಿ ಬುಟ್ಟಿ. ಯಾರೋ ಕಸ ಗುಡಿಸುವಾಗ ಉರುಳಿದ್ದನ್ನೆಲ್ಲ ಎತ್ತಿ ಬುಟ್ಟಿಗೆ ಹಾಕಿದ್ದಾರೆ. ಸಂಜೆ ಅತ್ತೆ ಈಳಿಗೆಮಣೆ ಮುಂದೆ ಕೂತು ಒಂದು ಹೆಚ್ಚಿದರು, ಇನ್ನೊಂದು ಹೆಚ್ಚಿದರು. ಆಮೇಲೆ ಕೈ ನಿಲ್ಲಿಸಿ ನನ್ನನ್ನು ಕರೆದರು. 'ಅಲ್ಲವಾ, ಈ ಉಳ್ಳಾಗಡ್ಡಿಗೆ ಕಣ್ಣಾಗ ನೀರ ಬರವಲ್ದಲ್ಲ?' ನೋಡಿದರೆ ಈಳಿಗೆಯ ಮೇಲೆ ಲೋಳೆ ಲೋಳೆ ರಸ. ಮೂಸಿದರೆ ಹಸಿ ಹುಲ್ಲಿನ ವಾಸನೆ, ಅಷ್ಟೇ. ಆ ಹೋಳುಗಳನ್ನೆಲ್ಲ ತಿಪ್ಪೆಗೆ ಹಾಕಿ ಈಳಿಗೆ ತೊಳೆದೆವು.

ಗುರುತು ಅದೇ. ಉಳ್ಳಾಗಡ್ಡಿ, ಬೆಳ್ಳುಳ್ಳಿಗೆ ಘಾಟು ಇದೆ. ಅಮರಿಲ್ಲಿಸ್, ಕ್ರೈನಮ್, ಸ್ಪೈಡರ್ ಲಿಲಿ, ಮಳೆ ಲಿಲಿಗೆ ಆ ಘಾಟು ಇಲ್ಲ. ಇವುಗಳಲ್ಲಿ ಲೈಕೊರಿನ್ ಎಂಬ ವಿಷ ಇದೆ. ತಿಂದರೆ ವಾಂತಿ, ಹೊಟ್ಟೆನೋವು, ಭೇದಿ. ಹಾಗಾಗಿ ಅನುಮಾನ ಬಂದದ್ದನ್ನು ನಾಲಿಗೆಗೆ ಹಚ್ಚಿ ನೋಡಬೇಡಿ, ಮೂಸಿ ನೋಡಿ. ಇನ್ನೂ ಅನುಮಾನವಿದ್ದರೆ ಎಸೆಯಿರಿ. ಈಗ ನಾನು ಹೂವಿನ ಗಡ್ಡೆಗಳನ್ನು ಅಡುಗೆಮನೆ ಹತ್ತಿರವೇ ಇಡುವುದಿಲ್ಲ.

ಅಮರಿಲ್ಲಿಸ್, ಹಿಪ್ಪಿಯಾಸ್ಟ್ರಮ್ ಎರಡೂ ಒಂದೇನಾ?

ನರ್ಸರಿಯಲ್ಲಿ ಒಂದೇ. ಸಸ್ಯಶಾಸ್ತ್ರದಲ್ಲಿ ಎರಡು. ನಾವು ಅಮರಿಲ್ಲಿಸ್ ಎಂದು ಕರೆಯುವುದು ದಕ್ಷಿಣ ಅಮೆರಿಕದ ಕಡೆಯ ಹಿಪ್ಪಿಯಾಸ್ಟ್ರಮ್. ಅಸಲಿ ಅಮರಿಲ್ಲಿಸ್ ಬೆಲ್ಲಡೋನಾ ದಕ್ಷಿಣ ಆಫ್ರಿಕಾದ್ದು. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇಟ್ಟ ಅಮರಿಲ್ಲಿಸ್ ಎಂಬ ಹೆಸರು ಇವೆರಡರಲ್ಲಿ ಯಾವುದಕ್ಕೆ ಸೇರಬೇಕೆಂದು ಪಂಡಿತರು ದಶಕಗಟ್ಟಲೆ ಜಗಳಾಡಿದರು. 1987ರ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಆಫ್ರಿಕಾದ ಗಿಡಕ್ಕೇ ಆ ಹೆಸರು ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ಲೋಕವೆಲ್ಲ ಹಿಪ್ಪಿಯಾಸ್ಟ್ರಮ್‌ಗೆ ಅಮರಿಲ್ಲಿಸ್ ಎಂದೇ ಕರೆದು ರೂಢಿಯಾಗಿತ್ತು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ಗುರುತು ಹಿಡಿಯಲು ಒಂದು ಚಾಕು ಸಾಕು. ಹೂ ಬಾಡಿದ ಮೇಲೆ ದಂಟನ್ನು ಅಡ್ಡಡ್ಡ ಕೊಯ್ಯಿರಿ. ಹಿಪ್ಪಿಯಾಸ್ಟ್ರಮ್ ದಂಟು ಒಳಗೆ ಪೊಳ್ಳು, ಪಪ್ಪಾಯಿ ಎಲೆಯ ದಂಟಿನ ಹಾಗೆ. ಬೆಲ್ಲಡೋನಾದ್ದು ಒಳಗೂ ತುಂಬಿಕೊಂಡಿರುತ್ತದೆ. ನಮ್ಮ ಕಡೆ ಇದುವರೆಗೆ ನಾನು ಕೊಯ್ದದ್ದೆಲ್ಲ ಪೊಳ್ಳೇ.

ಅಮರಿಲ್ಲಿಸ್‌ನಲ್ಲೇ ನಾಟಿ, ಪಟ್ಟೆ, ಡಚ್ ಅಂತಾರೆ. ವ್ಯತ್ಯಾಸ ಏನು?

ನಾಟಿ ಅಂದರೆ ಹಳೆಯ ಮನೆಗಳ ಬಾವಿಕಟ್ಟೆ, ತುಳಸಿಕಟ್ಟೆ ಪಕ್ಕದಲ್ಲಿ ತಾನೇ ತಾನಾಗಿ ಹಬ್ಬಿರುವುದು. ಕಿತ್ತಳೆ ಕೆಂಪು ಹೂವು, ಗಂಟಲಲ್ಲಿ ಹಸಿರು ಬಿಳಿಯ ನಕ್ಷತ್ರ. ಒಂದು ದಂಟಿಗೆ ಎರಡರಿಂದ ನಾಲ್ಕು ಹೂವು. ಅದೂ ನಾಟಿಯೇನಲ್ಲ ನೋಡಿ, ಅಮೆರಿಕ ಖಂಡದಿಂದಲೇ ಬಂದದ್ದು. ಆದರೆ ಮೆಣಸಿನಕಾಯಿಯೂ ಅಲ್ಲಿಂದಲೇ ಬಂತಲ್ವಾ?

ಕೆಂಪು ಪಕಳೆಯ ನಡುವೆ ಬಿಳಿ ಪಟ್ಟೆ ಇರುವ, ತುತ್ತೂರಿಯಂಥ ಹೂವು ಇದ್ದರೆ ಅದು ಬಹುತೇಕ ಜಾನ್ಸನ್ ತಳಿ. 1799ರಲ್ಲಿ ಇಂಗ್ಲೆಂಡಿನ ಜಾನ್ಸನ್ ಎಂಬ ಗಡಿಯಾರ ರಿಪೇರಿಯವನು ಎರಡು ಜಾತಿ ಕೂಡಿಸಿ ಮಾಡಿದ ಗಿಡ. ಅಮರಿಲ್ಲಿಸ್‌ನಲ್ಲಿ ಮೊದಲ ಮಿಶ್ರತಳಿ ಇದೇ. ಎರಡು ನೂರು ವರ್ಷ ದಾಟಿದರೂ ಗಟ್ಟಿಯಾಗಿದೆ.

ಡಚ್ ತಳಿಗಳ ಹೂವು ಅಂಗೈಗಿಂತ ಅಗಲ, ಪಕಳೆ ದುಂಡಗೆ, ಮುಖ ಚಪ್ಪಟೆ. ಗಡ್ಡೆಯೇ ತೆಂಗಿನಕಾಯಿಯಷ್ಟಿರುತ್ತದೆ. ಮೊದಲ ವರ್ಷ ಬೆರಗಾಗುವಂತೆ ಅರಳುತ್ತದೆ. ಎರಡನೇ ವರ್ಷ ನಮ್ಮ ಬಿಸಿಲು, ಬೋರಿನ ಉಪ್ಪುನೀರು ಸೇರಿ ಸೊರಗಿಸುತ್ತವೆ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಸಲ ನೆಡುವವರು ಜಾನ್ಸನ್ ತಳಿ ಹುಡುಕಿ.

ನಮ್ಮ ಬಿಳಿ ಅಮರಿಲ್ಲಿಸ್ ಈ ವರ್ಷ ಕಿತ್ತಳೆ ಬಿಟ್ಟಿದೆ. ಬಣ್ಣ ಬದಲಾಗುತ್ತದಾ?

ಇಲ್ಲ. ಅದೇ ಕುಂಡದಲ್ಲಿ, ಅದೇ ಮಡಿಯಲ್ಲಿ ನಾಟಿ ಕಿತ್ತಳೆ ಮರಿ ಒಂದು ಇದ್ದಿರಬೇಕು. ಕಿತ್ತಳೆ ಬೇಗ ಮರಿ ಹಾಕಿ ಜಾಗ ಹಿಡಿಯುತ್ತದೆ. ಬಿಳಿ ಡಚ್ ಗಡ್ಡೆ ಸದ್ದಿಲ್ಲದೆ ಕೊಳೆತು ಹೋಗಿರುತ್ತದೆ. ನೋಡುವವರಿಗೆ ಬಣ್ಣ ಬದಲಾದಂತೆ. ಬಿದ್ದ ಬೀಜದಿಂದ ಹುಟ್ಟಿದ ಗಿಡ ಬೇರೆ ಬಣ್ಣ ಬಿಡಬಹುದು, ಆದರೆ ಬೀಜದಿಂದ ಹೂವಿಗೆ ಮೂರು ವರ್ಷವಾದರೂ ಬೇಕು.

ಸ್ಪೈಡರ್ ಲಿಲಿ ಯಾವುದು, ಕ್ರೈನಮ್ ಯಾವುದು?

ಅತಿ ಜಾಸ್ತಿ ಬರುವ ಪ್ರಶ್ನೆ ಇದು. ಎರಡೂ ಬಿಳಿ, ಎರಡಕ್ಕೂ ಸಪೂರ ಉದ್ದ ಪಕಳೆ, ಎರಡೂ ಸಂಜೆ ಘಮ್ಮೆನ್ನುತ್ತವೆ. ಪಾರ್ಕುಗಳಲ್ಲಿ, ಆಫೀಸುಗಳ ಅಂಗಳದಲ್ಲಿ ಎರಡನ್ನೂ ಸಾಲಾಗಿ ನೆಟ್ಟಿರುತ್ತಾರೆ.

ಹೂವಿನ ನಡುವೆ ಕಣ್ಣಿಡಿ. ಸ್ಪೈಡರ್ ಲಿಲಿಯಲ್ಲಿ ತೆಳ್ಳನೆಯ ಬಿಳಿ ಬಟ್ಟಲೊಂದು ಇರುತ್ತದೆ. ಟಿಶ್ಯೂ ಪೇಪರಿನಲ್ಲಿ ಮಾಡಿದ ಪುಟ್ಟ ಲೋಟದ ಹಾಗೆ. ಆರು ಕೇಸರದ ಎಳೆಗಳು ಆ ಬಟ್ಟಲಿನ ಅಂಚಿನಿಂದ ಎದ್ದಿರುತ್ತವೆ. ಬೆಳಕಿಗೆ ಹಿಡಿದರೆ ಬಟ್ಟಲಿನ ಆಚೆ ನಿಮ್ಮ ಬೆರಳು ಮಸುಕಾಗಿ ಕಾಣುತ್ತದೆ. ಕ್ರೈನಮ್‌ಗೆ ಈ ಬಟ್ಟಲಿಲ್ಲ. ಎಳೆಗಳು ಬಿಡಿಬಿಡಿಯಾಗಿ ಹೊರಗೆ ಚಾಚಿರುತ್ತವೆ, ತುದಿಯ ಕಡೆ ನೇರಳೆ ಕೆಂಪು ಛಾಯೆ ಇರುವುದುಂಟು.

ಹೂವಿಲ್ಲದಾಗ ಗಾತ್ರ ನೋಡಿ. ಕ್ರೈನಮ್ ದೊಡ್ಡ ಗಿಡ, ಅಂಗೈ ಅಗಲದ ಎಲೆ, ಸೊಂಟದ ಎತ್ತರ ಮೀರಿ ಬೆಳೆಯುತ್ತದೆ. ಸ್ಪೈಡರ್ ಲಿಲಿಯ ಎಲೆ ಸಪೂರ, ಕಡುಹಸಿರು, ಮೊಣಕಾಲಿನ ಮೇಲಕ್ಕೆ ಬಂದರೆ ಹೆಚ್ಚು. ಎಲೆಯಂಚಿಗೆ ಬಿಳಿ ಪಟ್ಟೆ ಇರುವ ಸ್ಪೈಡರ್ ಲಿಲಿಯೂ ಮಾರಾಟಕ್ಕೆ ಬರುತ್ತದೆ. ಕ್ರೈನಮ್ ಬೀಜ ಹಸಿರು ಗೋಲಿಯಷ್ಟು ದಪ್ಪ. ಕಿಟಕಿ ಮೇಲೆ ಸುಮ್ನೆ ಇಟ್ಟರೂ ನೀರು ಮಣ್ಣು ಏನೂ ಇಲ್ಲದೆ ಮೊಳಕೆ ಬರುತ್ತದೆ. ಮಕ್ಕಳಿಗೆ ತೋರಿಸಿ, ಖುಷಿ ಪಡುತ್ತಾರೆ.

ಪಕಳೆ ಅಗಲವಾಗಿ, ಬಿಳಿಯ ಮೇಲೆ ಗುಲಾಬಿ ಗೀರು ಇದ್ದು, ಹೂವು ತಲೆ ಬಾಗಿಸಿದ್ದರೆ ಅದೂ ಕ್ರೈನಮ್ಮೇ, ಬೇರೆ ಜಾತಿ. ಅದನ್ನು ಅಮರಿಲ್ಲಿಸ್ ಎಂದು ಮಾರುವವರಿದ್ದಾರೆ. ಅಲ್ಲೂ ಚಾಕು ತೆಗೆಯಿರಿ: ಕ್ರೈನಮ್ ದಂಟು ಪೊಳ್ಳಲ್ಲ.

ನಮ್ಮ ಊರ ಕಲ್ಲುಬೀಡಿನಲ್ಲಿ ಬಟ್ಟಲಿರುವ ಸಣ್ಣ ಬಿಳಿ ಹೂವು ಕಂಡೆ. ಸ್ಪೈಡರ್ ಲಿಲಿ ಕಾಡಿನಲ್ಲೂ ಇದೆಯಾ?

ಅದು ಪ್ಯಾಂಕ್ರೇಶಿಯಂ ಇರಬಹುದು. ನಮ್ಮ ದೇಶದ್ದೇ ಗಿಡ. ಸ್ಪೈಡರ್ ಲಿಲಿಯ ಮೂಲ ಅಮೆರಿಕ ಖಂಡ. ಎರಡಕ್ಕೂ ಬಟ್ಟಲಿದೆ, ಅದಕ್ಕೇ ಮೋಸ ಹೋಗುತ್ತೇವೆ. ಕಾಯಿ ಒಡೆಯುವವರೆಗೆ ಕಾಯಿರಿ. ಪ್ಯಾಂಕ್ರೇಶಿಯಂ ಬೀಜ ಕಪ್ಪಗೆ, ಒಣಗಿರುತ್ತದೆ. ಸ್ಪೈಡರ್ ಲಿಲಿಯದ್ದು ಹಸಿರು, ರಸ ತುಂಬಿದ್ದು. ದಯವಿಟ್ಟು ಕಿತ್ತು ತರಬೇಡಿ, ಫೋಟೊ ತನ್ನಿ.

ಬೇಸಿಗೆಯಲ್ಲಿ ಹೊಲದ ಬದುವಿನಲ್ಲಿ ಎಲೆಯೇ ಇಲ್ಲದೆ ಬರೀ ಕೋಲು ಎದ್ದಿರುತ್ತದಲ್ಲ, ಅದೇನು?

ಅಡವಿ ಈರುಳ್ಳಿ. ಕಾಡು ಈರುಳ್ಳಿ ಅಂತಲೂ ಅಂತಾರೆ. ನೆಲವೆಲ್ಲ ಕಾದ ಹಂಚಿನಂತಾದಾಗ ಒಂದೇ ಒಂದು ಉದ್ದ ಕೋಲು ಮೇಲೆದ್ದು, ಅದರ ತುದಿಯ ಕಡೆ ದೂರದೂರಕ್ಕೆ ಕಂದು ಬಣ್ಣದ ಸಣ್ಣ ಹೂವು ಜೋತಿರುತ್ತವೆ. ಹಗಲು ನೋಡಿದವರಿಗೆ ಒಣಗಿದ ಕಡ್ಡಿ ಎನಿಸುತ್ತದೆ. ಹೂವು ಅರಳುವುದು ಹೊತ್ತಿಳಿದ ಮೇಲೆ. ಎಲೆ ಬರುವುದು ಮಳೆ ಬಿದ್ದ ನಂತರ. ಹೆಸರಲ್ಲಿ ಈರುಳ್ಳಿ ಇದೆ, ಗಡ್ಡೆಯೂ ಹಾಗೇ ಇದೆ, ಆದರೆ ಹೃದಯದ ಮೇಲೆ ಕೆಲಸ ಮಾಡುವ ವಿಷ. ಔಷಧಿ ಅಂತ ಯಾರು ಹೇಳಿದರೂ ಮನೆಯಲ್ಲಿ ಪ್ರಯೋಗ ಬೇಡ.

ಮೇ ಫ್ಲವರ್, ಫುಟ್‌ಬಾಲ್ ಲಿಲಿ, ಬ್ಲಡ್ ಲಿಲಿ: ಮೂರು ಬೇರೆನಾ?

ಒಂದೇ ಗಿಡಕ್ಕೆ ಮೂರು ಹೆಸರು. ಆಫ್ರಿಕಾದ ಸ್ಕಾಡೋಕ್ಸಸ್. ಇದನ್ನು ಇನ್ನೊಂದರ ಜೊತೆ ಗೊಂದಲ ಮಾಡಿಕೊಳ್ಳಲು ಹೂವಿದ್ದಾಗ ಸಾಧ್ಯವೇ ಇಲ್ಲ, ಕೆಂಪು ಚೆಂಡು. ಎಲೆ ಮಾತ್ರ ಇದ್ದಾಗ ಕತ್ತಿನ ಮೇಲೆ ಕೆಂಪು ಕಪ್ಪು ಚುಕ್ಕೆ ಹುಡುಕಿ. ಎಲೆ ತೆಳ್ಳಗೆ, ಅಂಚು ಅಲೆಅಲೆ. ಚಳಿಗಾಲದಲ್ಲಿ ಪೂರ್ತಿ ಮಾಯವಾಗುತ್ತದೆ. ಸತ್ತಿತೆಂದು ಕುಂಡದ ಮಣ್ಣು ಚೆಲ್ಲಬೇಡಿ.

ಮಳೆ ಲಿಲಿಗಳಲ್ಲಿ ಎಷ್ಟು ಬಗೆ? ಒಂದಕ್ಕೊಂದು ಹೇಗೆ ಗುರುತಿಸಲಿ?

ನಮ್ಮ ಹಿತ್ತಲುಗಳಲ್ಲಿ ಸಾಮಾನ್ಯವಾಗಿ ನಾಲ್ಕು. ಬಿಳಿಯದರ ಎಲೆ ದಪ್ಪ, ದುಂಡಗೆ, ಜೊಂಡಿನ ಹಾಗೆ. ಹಳದಿಯದು ಸಣ್ಣ ಹೂವು, ಕಾಯಿ ಕಟ್ಟಿ ಬೀಜದಿಂದಲೇ ಎಲ್ಲೆಲ್ಲೂ ಹುಟ್ಟುತ್ತದೆ. ತೊಡಕು ಇರುವುದು ಎರಡು ಗುಲಾಬಿಗಳಲ್ಲಿ. ಒಂದರ ಹೂವು ಸಣ್ಣದು, ಅರಳಿದಾಗ ಹಳೆಯ ಒಂದು ರೂಪಾಯಿ ನಾಣ್ಯಕ್ಕಿಂತ ತುಸು ಅಗಲ, ಬಣ್ಣ ಗಾಢ. ಇನ್ನೊಂದರ ಹೂವು ಅದರ ಎರಡರಷ್ಟು, ಬಣ್ಣ ತಿಳಿ. ಪಕ್ಕಪಕ್ಕ ಇಟ್ಟರೆ ಮಗುವೂ ಹೇಳುತ್ತದೆ. ಒಂದೇ ಇದ್ದಾಗ ಅಳತೆಪಟ್ಟಿ ತಗೊಳ್ಳಿ: 3 ಸೆಂಟಿಮೀಟರ್ ಆಸುಪಾಸು ಇದ್ದರೆ ಸಣ್ಣ ಜಾತಿ, 6 ದಾಟಿದರೆ ದೊಡ್ಡದು.

ಹೂವು ನೆಟ್ಟಗೆ ಆಕಾಶ ನೋಡದೆ ಓರೆಯಾಗಿ ಬಾಗಿದ್ದರೆ ಅದು ಹಬ್ರಾಂತಸ್. ಇದನ್ನೂ ಮಳೆ ಲಿಲಿ ಎಂದೇ ಕರೆಯುತ್ತಾರೆ. ಒಳಗೆ ನೋಡಿದರೆ ಕೇಸರಗಳು ಒಂದೇ ಉದ್ದ ಇರುವುದಿಲ್ಲ, ಗಿಡ್ಡ ಉದ್ದ ಬೆರೆತಿರುತ್ತವೆ.

ಭರಣಿ ಮಳೆ ಒಂದು ಹದ ಬಿದ್ದರೆ ಕೆಲವೇ ದಿನಕ್ಕೆ ಮೊಗ್ಗು ಕಾಣುತ್ತದೆ. ದಿನಾ ಪೈಪಿನ ನೀರು ಹಾಕಿದವರು 'ನಮ್ಮದು ಬಿಡಲೇ ಇಲ್ಲ' ಅಂತಾರೆ. ಸ್ವಲ್ಪ ದಿನ ಒಣಗಲು ಬಿಟ್ಟು, ಆಮೇಲೆ ಒಮ್ಮೆಲೇ ನೆನೆಸಿ ನೋಡಿ.

ಸುಗಂಧರಾಜದಲ್ಲಿ ಸಿಂಗಲ್, ಡಬಲ್ ಗಡ್ಡೆಯಲ್ಲೇ ಗೊತ್ತಾಗುತ್ತದಾ?

ಖಾತ್ರಿಯಾಗಿ ಹೇಳಲಾಗದು. ಹೂವಿನಲ್ಲಿ ಮಾತ್ರ ಸುಲಭ. ಸಿಂಗಲ್‌ಗೆ ಒಂದೇ ಸಾಲು ಪಕಳೆ, ವಾಸನೆ ಜಾಸ್ತಿ, ಹಾರಕ್ಕೆ ಇದೇ. ಡಬಲ್‌ಗೆ ಹಲವು ಸುತ್ತು, ದಂಟು ಸಮೇತ ಮಾರಲು ಚೆನ್ನ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಶೃಂಗಾರ್, ಪ್ರಜ್ವಲ್ ಸಿಂಗಲ್. ಸುವಾಸಿನಿ ಡಬಲ್. ಪ್ರಜ್ವಲ್ ಮೊಗ್ಗಿಗೆ ತುಸು ಗುಲಾಬಿ ಛಾಯೆ ಇರುತ್ತದೆ, ಅರಳಿದರೆ ಬಿಳಿ. ಮೊಗ್ಗು ಗುಲಾಬಿ ಕಂಡು ಬೇರೆ ಜಾತಿ ಕೊಟ್ಟರೆಂದು ಒಬ್ಬರು ಅಂಗಡಿಯವನ ಜೊತೆ ಜಗಳಕ್ಕೇ ಹೋಗಿದ್ದರು.

ಆನ್‌ಲೈನಿನಲ್ಲಿ ಟುಲಿಪ್ ಗಡ್ಡೆ ತರಿಸಿದ್ದೇನೆ. ರಾಯಚೂರಲ್ಲಿ ಬಿಡುತ್ತದಾ?

ನೆಲದಲ್ಲಿ ನೆಟ್ಟರೆ ಇಲ್ಲ. ಟುಲಿಪ್ ಗಡ್ಡೆಗೆ 12ರಿಂದ 16 ವಾರ ಚಳಿ ಬೇಕು, 9 ಡಿಗ್ರಿಗಿಂತ ಕೆಳಗೆ. ರಾಯಚೂರಿನ ಚಳಿಗಾಲ ಅಂದರೆ ಬೆಳಗ್ಗೆ ಒಂದು ಶಾಲು, ಅಷ್ಟೇ. ಶ್ರೀನಗರದ ಟುಲಿಪ್ ತೋಟದಲ್ಲಿ ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಅರಳುತ್ತವೆ, ಅಲ್ಲಿ ಚಳಿಗಾಲವೇ ಆ ಕೆಲಸ ಮಾಡಿರುತ್ತದೆ. ಮೊದಲೇ ಚಳಿ ಕೊಟ್ಟ ಗಡ್ಡೆ ಸಿಕ್ಕರೆ ಡಿಸೆಂಬರಿನಲ್ಲಿ ಕುಂಡದಲ್ಲಿ ಒಂದು ಹೂವು ನೋಡಬಹುದು. ಮರುವರ್ಷ ಮತ್ತೆ ಬರುವುದಿಲ್ಲ.

ಬಂದ ಗಡ್ಡೆ ಟುಲಿಪ್ಪೇನಾ ಎಂದು ನೋಡಿ. ಟುಲಿಪ್ ಗಡ್ಡೆ ಹನಿಯಾಕಾರ, ತುದಿ ಚೂಪು, ಒಂದು ಬದಿ ಚಪ್ಪಟೆ, ಮೇಲೆ ಕಂದು ತೊಗಟೆಯಂಥ ತೆಳು ಸಿಪ್ಪೆ. ಡ್ಯಾಫೊಡಿಲ್ ಗಡ್ಡೆಗೆ ಎಷ್ಟೋ ಸಲ ಎರಡು ಮೂತಿ ಇರುತ್ತವೆ. ಹಯಸಿಂತ್ ಗುಂಡಗೆ, ಸಿಪ್ಪೆಯ ಬಣ್ಣವೇ ಸುಳಿವು: ಬಿಳಿ ಸಿಪ್ಪೆಯದು ಸಾಮಾನ್ಯವಾಗಿ ಬಿಳಿ ಹೂವು, ನೇರಳೆ ಸಿಪ್ಪೆಯದು ನೀಲಿಯೋ ಗುಲಾಬಿಯೋ. ಬಣ್ಣ ಹೇಳಲಾಗದು ಎಂದೆನಲ್ಲ, ಅದಕ್ಕೆ ಇದೊಂದು ಅಪವಾದ. ಮುಟ್ಟಿದ ಮೇಲೆ ಕೈ ತುರಿಸಿದರೆ ಗಾಬರಿ ಬೇಡ, ಹಯಸಿಂತ್ ಸಿಪ್ಪೆಯ ಗುಣವೇ ಅದು, ತೊಳೆದುಕೊಳ್ಳಿ. ಚಳಿ ಬೇಡದ ಜಾತಿ ಬೇಕಿದ್ದರೆ ನರ್ಗಿಸ್ ಕೇಳಿ, ಗೊಂಚಲು ಗೊಂಚಲಾಗಿ ಬಿಳಿ ಹೂವು ಬಿಡುವ ಪೇಪರ್‌ವೈಟ್.

ಕೇಸರಿ ಗಡ್ಡೆ ಅಂತ ಕೊಟ್ಟಿದ್ದಾರೆ. ಅಸಲಿಯೇ?

ಕೇಸರಿ ಗಡ್ಡೆಯ ಮೇಲೆ ನಾರಿನ ಬಲೆಯಂಥ ಸಿಪ್ಪೆ ಇರುತ್ತದೆ, ಒಳಗೆ ಪದರಿಲ್ಲ. ಹೂವು ಬಂದರೆ ಎಣಿಸಿ: ಹಳದಿ ಕೇಸರ 3, ಕೆಂಪು ಎಳೆ 3. ಕೇಸರ 6 ಇದ್ದರೆ ಅದು ಕಾಲ್ಚಿಕಮ್, ನೋಡಲು ಹಾಗೇ ಇರುವ ವಿಷದ ಗಿಡ. ಅಂದಹಾಗೆ ಕೇಸರಿ ಅರಳುವುದು ವಸಂತದಲ್ಲಲ್ಲ, ಅಕ್ಟೋಬರ್ ನವೆಂಬರಿನಲ್ಲಿ. ನಮ್ಮ ಎರೆ ಹೊಲದ ಕುಸುಬಿ ಪಕಳೆಯನ್ನು ಕೇಸರಿ ಎಂದು ಮಾರುವುದು ಬೇರೆಯದೇ ಕತೆ.

ಎಲೆ ಮೇಲೆ ಕೆಂಪು ಮಚ್ಚೆ ಬಂದಿವೆ. ಇದು ಬೇರೆ ಜಾತಿಯಾ?

ಅಮರಿಲ್ಲಿಸ್ ಆದರೆ ಅದು ರೋಗ. ಶಿಲೀಂಧ್ರದಿಂದ ಬರುವ ಕೆಂಪು ಮಚ್ಚೆ ರೋಗ, ಎಲೆ ಆ ಜಾಗದಲ್ಲಿ ಸೊಟ್ಟಗಾಗುತ್ತದೆ. ಅಂಥ ಎಲೆ ಕತ್ತರಿಸಿ, ಮೇಲಿಂದ ನೀರು ಹಾಕುವುದನ್ನು ಬಿಡಿ. ಸ್ಕಾಡೋಕ್ಸಸ್ ಕತ್ತಿನ ಚುಕ್ಕೆ ಮಾತ್ರ ಹುಟ್ಟಿನಿಂದ ಬಂದದ್ದು. ಸುಗಂಧರಾಜದ ಎಲೆಯ ಬುಡ ಕೆಂಪಗಿರುವುದೂ ಸಹಜ.

ಎಲೆಯನ್ನು ಕಪ್ಪು ಮೈ, ಬಿಳಿ ಕೆಂಪು ಚುಕ್ಕೆಯ ಹುಳ ತಿನ್ನುತ್ತಿದ್ದರೆ ಅದು ಲಿಲಿ ಹುಳ. ರಾತ್ರಿ ಕಳೆಯುವಷ್ಟರಲ್ಲಿ ಗಿಡ ಬೋಳು. ಬೆಳಗ್ಗೆ ಎದ್ದು ಕೈಯಿಂದ ಆರಿಸುವುದೇ ಮದ್ದು.

ಎರೆ ಮಣ್ಣಿನಲ್ಲಿ ನೆಟ್ಟರೆ ಕೊಳೆಯುತ್ತದಲ್ಲ?

ಕೊಳೆಯುತ್ತದೆ. ಮಡಿ ಏರಿಸಿ, ಮರಳು ಮತ್ತು ತಿಪ್ಪೆಗೊಬ್ಬರ ಬೆರೆಸಿ. ಅಮರಿಲ್ಲಿಸ್ ಕತ್ತು ಮಣ್ಣಿನ ಮೇಲೆ ಕಾಣುವಂತೆ ನೆಡಿ. ಮಸಾರಿ ಮಣ್ಣಿನವರಿಗೆ ಈ ತಲೆನೋವು ಕಡಿಮೆ.

ಮಗುವೋ ಆಡೋ ಗಡ್ಡೆ ತಿಂದರೆ?

ಮಗುವಾದರೆ ಮನೆಮದ್ದು, ಉಪ್ಪುನೀರು ಏನೂ ಬೇಡ. ಉಳಿದ ಗಡ್ಡೆ, ಒಂದು ಎಲೆ ಕೈಯಲ್ಲಿ ಹಿಡಿದು ನೇರ ಆಸ್ಪತ್ರೆಗೆ ಹೋಗಿ. ಏನು ತಿಂದದ್ದು ಎಂದು ವೈದ್ಯರಿಗೆ ಗೊತ್ತಾಗಬೇಕು. ಆಡಾದರೆ ಪಶುವೈದ್ಯರಿಗೆ ಫೋನ್ ಮಾಡಿ.

ಹೆಸರು ಕೇಳಲು ಫೋಟೊ ಹೇಗೆ ತೆಗೆಯಲಿ?

ಹೂವಿನ ಮುಖ ಒಂದೇ ಕಳಿಸಿದರೆ ನನಗೂ ತಿಳಿಯುವುದಿಲ್ಲ. ನಾಲ್ಕು ಬೇಕು: ಹೂವಿನ ಒಳಗಿನ ಕೇಸರ ಕಾಣುವಂತೆ ಹತ್ತಿರದಿಂದ ಒಂದು, ಎಲೆ ಎಲ್ಲಿಂದ ಹೊರಟಿದೆ ಎಂದು ಕಾಣುವಂತೆ ಬುಡದ್ದು ಒಂದು, ಕೊಯ್ದ ದಂಟಿನ ತುದಿ ಒಂದು, ಪಕ್ಕದಲ್ಲಿ ಒಂದು ಚಮಚ ಇಟ್ಟು ಇಡೀ ಗಿಡ ಒಂದು. ಮಧ್ಯಾಹ್ನದ ಬಿಸಿಲಲ್ಲಿ ತೆಗೆದರೆ ಬಿಳಿ ಹೂವೆಲ್ಲ ಸುಣ್ಣ ಬಳಿದ ಗೋಡೆಯಂತೆ ಬರುತ್ತದೆ, ಬಟ್ಟಲು ಇದೆಯೋ ಇಲ್ಲವೋ ಕಾಣುವುದೇ ಇಲ್ಲ. ಬೆಳಗ್ಗೆ ಏಳರೊಳಗೆ ತೆಗೆಯಿರಿ.